ಸೆರೆಟ್ಸೆ ಖಾಮಾ ಮತ್ತು ಬೋಟ್ಸ್ವಾನಾ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಟ್ಟ ದೇಶವನ್ನು ಮೇಲೆತ್ತಿದ ನಾಯಕ ಅಂದರೆ ನಮ್ಮಲ್ಲಿ ತಕ್ಷಣ ನೆನಪಾಗುವುದು ಸಿಂಗಾಪುರದ ಲೀ ಕ್ವಾನ್ ಯೂ. ಬೋಟ್ಸ್ವಾನಾದ ಸೆರೆಟ್ಸೆ ಖಾಮಾ ಅವರ ಹೆಸರು ಕೇಳಿದವರು ಕಡಿಮೆ. ಆದರೆ ನನಗೆ ಇವರ ಕಥೆಯೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಸಮುದ್ರವಿಲ್ಲದ, ಮಳೆ ಸರಿಯಾಗಿ ಬಾರದ, ಓದಿದವರನ್ನು ಬೆರಳಲ್ಲಿ ಎಣಿಸಬಹುದಾದ ದೇಶ ಅದು. ಚುನಾವಣೆ ನಿಲ್ಲಿಸದೆ, ವಿರೋಧ ಪಕ್ಷಗಳನ್ನು ನಿಷೇಧಿಸದೆ ಅದನ್ನು ಮೇಲಕ್ಕೆ ತಂದರು. ಈ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಬೋಟ್ಸ್ವಾನಾ ಎಲ್ಲಿದೆ? ಅದು ನಿಜವಾಗಿಯೂ ಚಿಕ್ಕ ದೇಶವಾ?

ಆಫ್ರಿಕಾದ ದಕ್ಷಿಣ ಭಾಗದಲ್ಲಿದೆ. ಸುತ್ತ ದಕ್ಷಿಣ ಆಫ್ರಿಕಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ. ನಕಾಶೆಯಲ್ಲಿ ನೋಡಿದರೆ ಚಿಕ್ಕದಲ್ಲ. ವಿಸ್ತೀರ್ಣ ಸುಮಾರು 5.8 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರು ಪಟ್ಟು. ಆದರೆ ಅದರಲ್ಲಿ ಬಹುಪಾಲು ಕಲಹರಿಯ ಮರಳು ನೆಲ. ಜನಸಂಖ್ಯೆ 2022ರ ಗಣತಿಯಲ್ಲೂ 24 ಲಕ್ಷ ದಾಟಿರಲಿಲ್ಲ. ಸ್ವಾತಂತ್ರ್ಯ ಬಂದಾಗ ಇದ್ದವರು ಐದಾರು ಲಕ್ಷ ಅಷ್ಟೇ. ಜನರ ಲೆಕ್ಕದಲ್ಲಿ, ಆಗಿನ ಹಣದ ಲೆಕ್ಕದಲ್ಲಿ ಅದು ತೀರಾ ಪುಟ್ಟ ದೇಶ.

1966ರಲ್ಲಿ ಪರಿಸ್ಥಿತಿ ಅಷ್ಟು ಕೆಟ್ಟದಾಗಿತ್ತಾ?

ಹೌದು. ಬ್ರಿಟಿಷರು 1885ರಲ್ಲಿ ಈ ಪ್ರದೇಶವನ್ನು ತಮ್ಮ ರಕ್ಷಣೆಗೆ ತೆಗೆದುಕೊಂಡರು. ಆಗ ಅದರ ಹೆಸರು ಬೆಚುವಾನಾಲ್ಯಾಂಡ್. ಅವರಿಗೆ ಬೇಕಿದ್ದದ್ದು ಉತ್ತರಕ್ಕೆ ಹೋಗುವ ದಾರಿ ಮಾತ್ರ. ಹಾಗಾಗಿ ಅಲ್ಲಿ ಏನನ್ನೂ ಕಟ್ಟಲಿಲ್ಲ. ಆಡಳಿತದ ಕಚೇರಿ ಕೂಡ ಗಡಿಯಾಚೆ, ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಊರಿನಲ್ಲಿತ್ತು! ತನ್ನ ರಾಜಧಾನಿಯೇ ತನ್ನೊಳಗೆ ಇಲ್ಲದ ನಾಡು.

1966ರ ಸೆಪ್ಟೆಂಬರ್ 30ರಂದು ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಡಾಂಬರು ರಸ್ತೆ ಇದ್ದದ್ದು 12 ಕಿಲೋಮೀಟರ್. ಪದವಿ ಓದಿದ ನಾಗರಿಕರು 22 ಜನ. ಹೈಸ್ಕೂಲು ಪೂರ್ತಿ ಮುಗಿಸಿದವರು ನೂರರ ಆಸುಪಾಸು. ಒಬ್ಬರ ವರ್ಷದ ಸರಾಸರಿ ಆದಾಯ 100 ಡಾಲರ್ ಕೂಡ ಇರಲಿಲ್ಲ. ಅದರ ಮೇಲೆ ಹಲವು ವರ್ಷಗಳ ಬರಗಾಲ. ದನಗಳೇ ಜನರ ಆಸ್ತಿ, ಆ ದನಗಳಲ್ಲಿ ಮೂರನೇ ಒಂದು ಭಾಗದಷ್ಟು ಸತ್ತಿದ್ದವು. ಗಟ್ಟಿಮುಟ್ಟಾದ ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಿಗೆ ಕೂಲಿಗೆ ಹೋಗುತ್ತಿದ್ದರು. ಸರ್ಕಾರದ ಖರ್ಚಿನ ಅರ್ಧದಷ್ಟನ್ನು ಬ್ರಿಟನ್ ಕೊಡುತ್ತಿತ್ತು. ಈ ದೇಶ ತನ್ನ ಕಾಲ ಮೇಲೆ ನಿಲ್ಲುತ್ತದೆ ಅಂತ ನಂಬಿದವರು ತುಂಬಾ ಕಡಿಮೆ.

ಸೆರೆಟ್ಸೆ ಖಾಮಾ ಯಾರು?

ಹುಟ್ಟಿದ್ದು 1921ರ ಜುಲೈ 1ರಂದು, ಸೆರೋವೆ ಎಂಬ ಊರಿನಲ್ಲಿ. ಬಮಾಂಗ್ವಾಟೊ ಬುಡಕಟ್ಟಿನ ರಾಜಮನೆತನ. ಅಜ್ಜ ಮೂರನೇ ಖಾಮಾ ದೊಡ್ಡ ಹೆಸರಿನ ರಾಜ. ಬ್ರಿಟಿಷ್ ಗಣಿ ಉದ್ಯಮಿ ಸೆಸಿಲ್ ರೋಡ್ಸ್ ಅವರ ಕಂಪನಿ ಈ ನಾಡನ್ನು ನುಂಗಲು ಹೊರಟಾಗ 1895ರಲ್ಲಿ ಇನ್ನಿಬ್ಬರು ರಾಜರ ಜೊತೆ ಲಂಡನ್‌ಗೇ ಹೋಗಿ ಅಹವಾಲು ಹೇಳಿಕೊಂಡು ಬಂದವರು ಅವರು. ಆ ಪ್ರಯಾಣ ನಡೆಯದಿದ್ದರೆ ಬೋಟ್ಸ್ವಾನಾ ಎಂಬ ಬೇರೆ ದೇಶವೇ ಇರುತ್ತಿರಲಿಲ್ಲವೇನೋ.

ಸೆರೆಟ್ಸೆ ಅವರಿಗೆ ನಾಲ್ಕು ವರ್ಷ ಇದ್ದಾಗ ತಂದೆ ತೀರಿಕೊಂಡರು. ಚಿಕ್ಕಪ್ಪ ತ್ಶೆಕೆಡಿ ಅವರ ಪರವಾಗಿ ರಾಜ್ಯ ನೋಡಿಕೊಂಡರು, ಹುಡುಗನನ್ನು ಸಾಕಿ ಓದಿಸಿದರು. ದಕ್ಷಿಣ ಆಫ್ರಿಕಾದ ಫೋರ್ಟ್ ಹೇರ್‌ನಲ್ಲಿ ಪದವಿ, ಆಮೇಲೆ ಆಕ್ಸ್‌ಫರ್ಡ್, ಆಮೇಲೆ ಲಂಡನ್‌ನಲ್ಲಿ ಕಾನೂನು. ಓದು ಮುಗಿಸಿ ಬಂದು ಗದ್ದುಗೆ ಏರಬೇಕು ಅನ್ನುವುದು ಲೆಕ್ಕಾಚಾರ.

ಅವರ ಮದುವೆ ಯಾಕೆ ಅಷ್ಟು ದೊಡ್ಡ ಗಲಾಟೆ ಆಯಿತು?

1948ರಲ್ಲಿ ಅವರು ಲಂಡನ್‌ನಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿ ಯುವತಿಯನ್ನು ಮದುವೆಯಾದರು. ಆಕೆ ವಿಮಾ ಸಂಸ್ಥೆಯೊಂದರಲ್ಲಿ ಗುಮಾಸ್ತೆ. ಚರ್ಚಿನಲ್ಲಿ ಮದುವೆಗೆ ಒಪ್ಪಿಗೆ ಸಿಗಲಿಲ್ಲ, ಕೊನೆಗೆ ರಿಜಿಸ್ಟರ್ ಕಚೇರಿಯಲ್ಲಿ ಮದುವೆಯಾದರು. ಚಿಕ್ಕಪ್ಪನಿಗೆ ಸಿಟ್ಟು, ಆಕೆಯ ತಂದೆಗೂ ಸಿಟ್ಟು.

ಆದರೆ ನಿಜವಾದ ತಕರಾರು ಬಂದದ್ದು ದಕ್ಷಿಣ ಆಫ್ರಿಕಾದಿಂದ. ಅದೇ ವರ್ಷ ಅಲ್ಲಿ ವರ್ಣಭೇದವನ್ನೇ ನೀತಿ ಮಾಡಿಕೊಂಡ ಸರ್ಕಾರ ಬಂದಿತ್ತು. ಬಿಳಿಯರು ಕರಿಯರನ್ನು ಮದುವೆಯಾಗಬಾರದು ಅಂತ ಕಾನೂನು ತರುತ್ತಿದ್ದವರಿಗೆ ಪಕ್ಕದ ನಾಡಿನ ರಾಜನೇ ಬಿಳಿ ಹೆಂಡತಿಯೊಂದಿಗೆ ಬಂದರೆ ಹೇಗೆ? ಬ್ರಿಟನ್‌ಗೆ ದಕ್ಷಿಣ ಆಫ್ರಿಕಾದ ಚಿನ್ನ ಬೇಕಿತ್ತು, ಯುರೇನಿಯಂ ಬೇಕಿತ್ತು.

ಸೆರೋವೆಯ ಜನ ಮಾತ್ರ ಬೇರೆ ರೀತಿ ಯೋಚಿಸಿದರು. ಅಲ್ಲಿ ಖೋಟ್ಲಾ ಅಂತ ಊರ ಸಭೆ ಇದೆ. ಮೊದಲ ಸಭೆಗಳಲ್ಲಿ ಬೈದರು, ವಿರೋಧಿಸಿದರು. 1949ರ ಜೂನ್‌ನಲ್ಲಿ ಸಾವಿರಾರು ಜನ ಸೇರಿದ ಸಭೆಯಲ್ಲಿ, ನೀನೇ ನಮ್ಮ ರಾಜ, ನಿನ್ನ ಹೆಂಡತಿಯೂ ಬರಲಿ ಎಂದು ಒಪ್ಪಿದರು. ಬ್ರಿಟನ್ ಒಪ್ಪಲಿಲ್ಲ. ಒಂದು ವಿಚಾರಣೆ ಮಾಡಿಸಿತು. ಈ ಮದುವೆ ಒಂದನ್ನು ಬಿಟ್ಟರೆ ಅವರು ರಾಜನಾಗಲು ಯೋಗ್ಯರು ಅಂತ ವರದಿ ಬಂತು. ಆ ವರದಿಯನ್ನೇ ಮುಚ್ಚಿಟ್ಟರು. 1950ರಲ್ಲಿ ಮಾತುಕತೆಗೆ ಅಂತ ಲಂಡನ್‌ಗೆ ಕರೆಸಿಕೊಂಡು, ಇನ್ನು ಐದು ವರ್ಷ ನಿನ್ನ ನಾಡಿಗೆ ಹೋಗುವಂತಿಲ್ಲ ಅಂದರು. 1951ರಲ್ಲಿ ಬಂದ ಮುಂದಿನ ಸರ್ಕಾರ 1952ರಲ್ಲಿ ಆ ನಿಷೇಧವನ್ನು ಕಾಯಂ ಮಾಡಿತು. ಓದುವಾಗ ಇವತ್ತಿಗೂ ಮೈ ಉರಿಯುತ್ತದೆ.

ಹಾಗಾದರೆ ವಾಪಸ್ ಬಂದದ್ದು ಹೇಗೆ?

1956ರಲ್ಲಿ ಗದ್ದುಗೆಯ ಹಕ್ಕು ಬಿಟ್ಟುಕೊಟ್ಟು, ಸಾಮಾನ್ಯ ಪ್ರಜೆಯಾಗಿ ಬಂದರು. ಅಷ್ಟರಲ್ಲಿ ಚಿಕ್ಕಪ್ಪನ ಜೊತೆ ರಾಜಿಯಾಗಿತ್ತು. ಕೆಲವು ವರ್ಷ ದನ ಸಾಕಿಕೊಂಡು ಇದ್ದರು, ಬುಡಕಟ್ಟಿನ ಮಂಡಳಿಯಲ್ಲಿ ಕೆಲಸ ಮಾಡಿದರು. 1962ರಲ್ಲಿ ಕ್ವೆಟ್ ಮಸೀರೆ ಮುಂತಾದವರ ಜೊತೆ ಸೇರಿ ಬೋಟ್ಸ್ವಾನಾ ಡೆಮಾಕ್ರಟಿಕ್ ಪಾರ್ಟಿ ಕಟ್ಟಿದರು. 1965ರ ಮೊದಲ ಚುನಾವಣೆಯಲ್ಲಿ 31 ಸ್ಥಾನಗಳಲ್ಲಿ 28 ಗೆದ್ದರು. ಪ್ರಧಾನಿಯಾದರು, ಮರುವರ್ಷ ಸ್ವತಂತ್ರ ದೇಶದ ಮೊದಲ ಅಧ್ಯಕ್ಷರಾದರು.

ಹುಟ್ಟಿನಿಂದ ಬಂದ ಅಧಿಕಾರವನ್ನು ಕಳೆದುಕೊಂಡು ಮತದಿಂದ ಬಂದ ಅಧಿಕಾರ ಪಡೆದವರು ಅವರು. ಹಳ್ಳಿಯ ಜನಕ್ಕೆ ಅವರು ಮನಸ್ಸಿನಲ್ಲಿ ಇನ್ನೂ ರಾಜನೇ. ಕಾನೂನಿನ ಪ್ರಕಾರ ಮಾತ್ರ ಪ್ರಜೆ. ಈ ಎರಡೂ ಒಬ್ಬರಲ್ಲೇ ಇದ್ದದ್ದು ಮುಂದೆ ದೇಶಕ್ಕೆ ತುಂಬಾ ಉಪಯೋಗಕ್ಕೆ ಬಂತು. ಹೇಗೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ವಜ್ರ ಸಿಕ್ಕಿತು, ಉದ್ಧಾರ ಆದರು. ಇದರಲ್ಲಿ ನಾಯಕನ ಪಾತ್ರ ಏನು ಬಂತು?

ಇದೇ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆ ಕೂಡ. ವಜ್ರ ಇಲ್ಲದಿದ್ದರೆ ಬೋಟ್ಸ್ವಾನಾ ಇಷ್ಟು ಬೆಳೆಯುತ್ತಿರಲಿಲ್ಲ, ನಿಜ. ಆದರೆ ಸಿಯೆರಾ ಲಿಯೋನ್‌ನಲ್ಲೂ ವಜ್ರ ಇತ್ತು. ಅಂಗೋಲಾದಲ್ಲೂ ಇತ್ತು, ಕಾಂಗೋದಲ್ಲೂ ಇತ್ತು. ಅಲ್ಲೆಲ್ಲ ಅದೇ ವಜ್ರ ಬಂದೂಕು ಕೊಳ್ಳುವ ದುಡ್ಡಾಯಿತು. ಒಂದೇ ಕಲ್ಲು, ಫಲ ಬೇರೆ. ಯಾಕೆ?

ನನ್ನ ಉತ್ತರ ಇಷ್ಟು: ವಜ್ರದ ದುಡ್ಡು ಬರುವುದಕ್ಕೆ ಮೊದಲೇ ಅದು ಯಾರದ್ದು ಅನ್ನುವುದು ತೀರ್ಮಾನವಾಗಿತ್ತು.

ಆ ಕಾಲದಲ್ಲಿ ನೆಲದಡಿಯ ಸಂಪತ್ತು ಬುಡಕಟ್ಟುಗಳಿಗೆ ಸೇರಿದ್ದು. ಯಾವ ಬುಡಕಟ್ಟಿನ ನೆಲವೋ ಆ ಬುಡಕಟ್ಟಿನ ಗಣಿ. 1959ರಲ್ಲಿ ಬಮಾಂಗ್ವಾಟೊಗಳೇ ತಾಮ್ರ ಹುಡುಕಲು ಒಂದು ಗಣಿ ಕಂಪನಿಯ ಜೊತೆ ಸ್ವತಂತ್ರವಾಗಿ ಒಪ್ಪಂದ ಮಾಡಿಕೊಂಡಿದ್ದರು. ಆದರೆ ಸೆರೆಟ್ಸೆ ಅವರ ಪಕ್ಷ 1965ರ ಚುನಾವಣಾ ಪ್ರಣಾಳಿಕೆಯಲ್ಲೇ, ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ಕೇಂದ್ರ ಸರ್ಕಾರಕ್ಕೆ ತರುತ್ತೇವೆ ಅಂತ ಹೇಳಿತ್ತು. 1967ರಲ್ಲಿ ಅದಕ್ಕೆ ಕಾನೂನು ಬಂತು. ಅದೇ ವರ್ಷ ಡಿ ಬೀರ್ಸ್ ಕಂಪನಿಯ ಭೂವಿಜ್ಞಾನಿಗಳು ಒರಾಪಾ ಎಂಬಲ್ಲಿ ಭಾರೀ ವಜ್ರದ ನಿಕ್ಷೇಪ ಪತ್ತೆ ಮಾಡಿದರು. ಗಣಿ ಶುರುವಾದದ್ದು 1971ರಲ್ಲಿ.

ಒರಾಪಾ ಇರುವುದು ಎಲ್ಲಿ ಗೊತ್ತಾ? ಬಮಾಂಗ್ವಾಟೊಗಳ ನೆಲದಲ್ಲಿ, ಅಂದರೆ ಸೆರೆಟ್ಸೆ ಅವರ ಸ್ವಂತ ಬುಡಕಟ್ಟಿನ ಜಾಗದಲ್ಲಿ. ಹಳೆಯ ಪದ್ಧತಿ ಉಳಿದಿದ್ದರೆ ಆ ಸಂಪತ್ತೆಲ್ಲ ಅವರ ಜನರದ್ದೇ ಆಗುತ್ತಿತ್ತು. ಉಳಿದ ಬುಡಕಟ್ಟುಗಳು ನೋಡುತ್ತಾ ಕೂರಬೇಕಿತ್ತು. ಅಲ್ಲಿಂದ ಜಗಳಕ್ಕೆ ಎಷ್ಟು ದೂರ? ಅತಿ ದೊಡ್ಡ ಬುಡಕಟ್ಟಿನ ಗೌರವ ಪಡೆದ ಮನುಷ್ಯನೇ, ಇದು ನಮ್ಮೊಬ್ಬರದ್ದಲ್ಲ, ಎಲ್ಲರದ್ದು ಅಂದಾಗ ಬೇರೆ ಬುಡಕಟ್ಟಿನವರು ನಂಬಿದರು. ಸ್ವಂತ ಜನ ಎದುರಾಡಲಿಲ್ಲ. ಬೇರೆ ಯಾರಾದರೂ ಇದನ್ನು ಮಾಡಲು ಹೋಗಿದ್ದರೆ ಇಷ್ಟು ಸುಲಭವಾಗಿ ಆಗುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ನೆಲದ ವಿಷಯದಲ್ಲೂ ಹೀಗೇ ಮಾಡಿದರು. 1968ರ ಕಾನೂನಿನಿಂದ ಜಮೀನು ಹಂಚುವ ಅಧಿಕಾರ ರಾಜರ ಕೈಯಿಂದ ಭೂ ಮಂಡಳಿಗಳಿಗೆ ಹೋಯಿತು. ರಾಜರಿಗೆ ಗೌರವ ಉಳಿಯಿತು, ಸಭೆ ಉಳಿಯಿತು, ಊರ ನ್ಯಾಯ ಉಳಿಯಿತು. ದುಡ್ಡಿನ ಮೇಲಿನ ಹಿಡಿತ ಮಾತ್ರ ಹೋಯಿತು.

ಡಿ ಬೀರ್ಸ್‌ನಂಥ ದೈತ್ಯ ಕಂಪನಿ ಇವರನ್ನು ಮೋಸ ಮಾಡಲಿಲ್ವಾ?

ಮೊದಲ ಒಪ್ಪಂದದಲ್ಲಿ ಸರ್ಕಾರಕ್ಕೆ ಸಿಕ್ಕಿದ್ದು 15% ಪಾಲು ಮಾತ್ರ. ಒರಾಪಾದಲ್ಲಿ ನಿಜವಾಗಿ ಎಷ್ಟು ವಜ್ರ ಇದೆ ಅನ್ನುವುದು ಗೊತ್ತಾದ ಮೇಲೆ ಸರ್ಕಾರ ಮತ್ತೆ ಮಾತುಕತೆಗೆ ಕೂತಿತು. ಕಂಪನಿಗೆ ಎರಡನೇ ಗಣಿ ತೆರೆಯಲು ಅನುಮತಿ ಬೇಕಿತ್ತು. ಅದನ್ನೇ ಹಿಡಿದುಕೊಂಡು ಪಟ್ಟು ಹಾಕಿದರು. 1975ರಲ್ಲಿ ಪಾಲು 50% ಆಯಿತು. ತೆರಿಗೆ, ರಾಯಲ್ಟಿ ಎಲ್ಲ ಸೇರಿಸಿದರೆ ಗಣಿಯ ಲಾಭದಲ್ಲಿ ಸುಮಾರು ಮುಕ್ಕಾಲು ಭಾಗ ದೇಶಕ್ಕೇ ಬರುವಂತಾಯಿತು. ಈ ಜಂಟಿ ಕಂಪನಿಗೆ ಈಗ ಡೆಬ್ಸ್ವಾನಾ ಅಂತ ಹೆಸರು.

ಗಮನಿಸಬೇಕಾದ್ದು, ಅವರು ಗಣಿಯನ್ನು ಕಿತ್ತುಕೊಳ್ಳಲಿಲ್ಲ. ಪಕ್ಕದ ಜಾಂಬಿಯಾದಲ್ಲಿ ತಾಮ್ರದ ಗಣಿಗಳನ್ನು ರಾಷ್ಟ್ರೀಕರಣ ಮಾಡುತ್ತಿದ್ದ ಕಾಲ ಅದು. ಗಣಿ ನಡೆಸುವ ಪರಿಣತಿ, ಮಾರುವ ಜಾಲ ಎರಡೂ ನಮ್ಮಲ್ಲಿ ಇಲ್ಲ ಅನ್ನುವುದು ಸೆರೆಟ್ಸೆ, ಮಸೀರೆ ಇಬ್ಬರಿಗೂ ಗೊತ್ತಿತ್ತು. ಕಂಪನಿಯನ್ನು ಓಡಿಸದೆ, ಚೌಕಾಸಿ ಮಾಡಿ ಜಾಸ್ತಿ ಪಾಲು ಪಡೆದರು. ಚೌಕಾಸಿಗೆ ಕೂರುವಾಗ ಹೊರದೇಶದ ಒಳ್ಳೆಯ ವಕೀಲರನ್ನು, ಅರ್ಥಶಾಸ್ತ್ರಜ್ಞರನ್ನು ಇಟ್ಟುಕೊಳ್ಳಲು ಹಿಂಜರಿಯಲಿಲ್ಲ. 1982ರಲ್ಲಿ ಜ್ವಾನೆಂಗ್ ಗಣಿ ಶುರುವಾಯಿತು. ಮೌಲ್ಯದ ಲೆಕ್ಕದಲ್ಲಿ ಅದು ಜಗತ್ತಿನ ಅತಿ ಶ್ರೀಮಂತ ವಜ್ರದ ಗಣಿ. ಅದು ತೆರೆಯುವುದನ್ನು ನೋಡಲು ಸೆರೆಟ್ಸೆ ಇರಲಿಲ್ಲ.

ವಜ್ರದ ದುಡ್ಡು ಬರುವ ತನಕ ದೇಶ ಹೇಗೆ ನಡೆಯಿತು?

ದನದ ಮಾಂಸ ಮತ್ತು ಸುಂಕ. ಲೊಬಾಟ್ಸೆ ಊರಿನ ಕಸಾಯಿಖಾನೆಯಿಂದ ಮಾಂಸ ರಫ್ತಾಗುತ್ತಿತ್ತು. ಯುರೋಪ್ ಮಾರುಕಟ್ಟೆಗೆ ಒಳ್ಳೆಯ ಬೆಲೆಗೆ ಮಾರಲು ಸರ್ಕಾರ ಬಹಳ ಓಡಾಡಿತು. ಇನ್ನೊಂದು, ದಕ್ಷಿಣ ಆಫ್ರಿಕಾ ಜೊತೆಗಿದ್ದ ಸುಂಕ ಒಕ್ಕೂಟ. 1910ರ ಹಳೆಯ ಒಪ್ಪಂದದಲ್ಲಿ ಚಿಕ್ಕ ದೇಶಗಳಿಗೆ ಪುಡಿಗಾಸು ಸಿಗುತ್ತಿತ್ತು. 1969ರಲ್ಲಿ ಅದನ್ನು ತಿದ್ದಿಸಿಕೊಂಡ ಮೇಲೆ ಆದಾಯ ಚೆನ್ನಾಗಿ ಏರಿತು. 1970ರ ದಶಕದ ಶುರುವಿನಲ್ಲೇ ದಿನನಿತ್ಯದ ಖರ್ಚಿಗೆ ಬ್ರಿಟನ್ ಮುಂದೆ ಕೈಚಾಚುವುದು ನಿಂತಿತು.

ಬಂದ ದುಡ್ಡನ್ನು ಏನು ಮಾಡಿದರು?

ರಸ್ತೆ, ಶಾಲೆ, ಕ್ಲಿನಿಕ್, ಬೋರ್‌ವೆಲ್. ಹೇಳಲು ಸರಳ, ಮಾಡಲು ಅಲ್ಲ. ದೇಶದಲ್ಲಿ ಅಭಿವೃದ್ಧಿ ಯೋಜನೆಗಳನ್ನು ಸಂಸತ್ತಿನ ಮುಂದೆ ಇಟ್ಟು ಒಪ್ಪಿಗೆ ಪಡೆಯಬೇಕಿತ್ತು. ಯೋಜನೆಯಲ್ಲಿ ಇಲ್ಲದ್ದಕ್ಕೆ ಮಂತ್ರಿ ಸುಮ್ನೆ ದುಡ್ಡು ಕೇಳುವ ಹಾಗಿರಲಿಲ್ಲ. ಹಣಕಾಸು ಮತ್ತು ಯೋಜನೆ ಎರಡನ್ನೂ ಒಂದೇ ಇಲಾಖೆಗೆ ಸೇರಿಸಿ ಮಸೀರೆ ಅವರ ಕೈಗೆ ಕೊಟ್ಟರು. ದೇಶದವರು ತಯಾರಾಗುವ ತನಕ ಪರಿಣತಿ ಬೇಕಾದ ಹುದ್ದೆಗಳಲ್ಲಿ ವಿದೇಶಿಯರನ್ನೇ ಉಳಿಸಿಕೊಂಡರು. ಇದಕ್ಕೆ ಟೀಕೆ ಜೋರಾಗಿಯೇ ಬಂತು. ಸೆರೆಟ್ಸೆ ಜಗ್ಗಲಿಲ್ಲ.

1977ರ ತನಕ ದೇಶಕ್ಕೆ ಸೈನ್ಯವೇ ಇರಲಿಲ್ಲ! ಸುತ್ತ ಯುದ್ಧ ನಡೆಯುತ್ತಿದ್ದರೂ ಪೊಲೀಸರಿಂದಲೇ ಗಡಿ ಕಾಯಿಸಿ, ಆ ದುಡ್ಡನ್ನು ಬೇರೆ ಕಡೆ ಹಾಕಿದರು. ರೊಡೇಷಿಯಾ (ಈಗಿನ ಜಿಂಬಾಬ್ವೆ) ಕಡೆಯಿಂದ ದಾಳಿಗಳು ಜಾಸ್ತಿಯಾದಾಗ ಬೇರೆ ದಾರಿ ಇಲ್ಲದೆ ಸೈನ್ಯ ಕಟ್ಟಿದರು. ಮರುವರ್ಷವೇ ಲೆಸೋಮಾ ಬಳಿ ರೊಡೇಷಿಯಾದ ಪಡೆ ಹೊಂಚು ಹಾಕಿ 15 ಸೈನಿಕರನ್ನು ಕೊಂದಿತು.

1976ರಲ್ಲಿ ಸ್ವಂತ ನಾಣ್ಯ ಪುಲಾ ಬಂತು. ಅಲ್ಲಿಯ ತನಕ ದಕ್ಷಿಣ ಆಫ್ರಿಕಾದ ರಾಂಡ್ ಚಲಾವಣೆಯಲ್ಲಿತ್ತು.

ಅದೇ ವರ್ಷದ ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಬೋಟ್ಸ್ವಾನಾ, ಲೆಸೊಥೊ, ಸ್ವಾಜಿಲ್ಯಾಂಡ್ ಮೂರೂ ಸೇರಿ ಒಂದು ವಿಶ್ವವಿದ್ಯಾಲಯ ನಡೆಸುತ್ತಿದ್ದವು. 1975ರಲ್ಲಿ ಲೆಸೊಥೊ ತನ್ನ ನೆಲದಲ್ಲಿದ್ದ ಮುಖ್ಯ ಆವರಣವನ್ನು ತನ್ನದು ಅಂತ ಘೋಷಿಸಿಬಿಟ್ಟಿತು. ಬೋಟ್ಸ್ವಾನಾದ ವಿದ್ಯಾರ್ಥಿಗಳು ಬೀದಿಗೆ ಬಂದರು. ಆಗ ಸೆರೆಟ್ಸೆ ಜನರ ಬಳಿ ಹೋದರು. ಒಬ್ಬೊಬ್ಬರು ಒಂದೊಂದು ದನ ಕೊಡಿ, ನಮ್ಮದೇ ವಿಶ್ವವಿದ್ಯಾಲಯ ಕಟ್ಟೋಣ ಅನ್ನುವ ಅಭಿಯಾನ ನಡೆಯಿತು. ದನ ಇದ್ದವರು ದನ ಕೊಟ್ಟರು. ಇಲ್ಲದವರು ಕಾಳು ಕೊಟ್ಟರು, ಮೊಟ್ಟೆ ಕೊಟ್ಟರು, ಚಿಲ್ಲರೆ ಕೊಟ್ಟರು. 1982ರಲ್ಲಿ ಬೋಟ್ಸ್ವಾನಾ ವಿಶ್ವವಿದ್ಯಾಲಯ ಶುರುವಾಯಿತು. ವಜ್ರದ ಆದಾಯ ಬರುತ್ತಿದ್ದ ಕಾಲದಲ್ಲೂ ಜನರ ಕೈಯಿಂದ ಕೇಳಿ ಪಡೆದದ್ದು ನೋಡಿ. ಕೊಟ್ಟವರಿಗೆ ಅದು ಸರ್ಕಾರದ ಕಟ್ಟಡವಲ್ಲ, ತಮ್ಮದು.

ವರ್ಣಭೇದದ ದಕ್ಷಿಣ ಆಫ್ರಿಕಾ ಪಕ್ಕದಲ್ಲಿಟ್ಟುಕೊಂಡು ಹೇಗೆ ಬದುಕಿದರು?

ತುಂಬಾ ಹುಷಾರಾಗಿ. ಆ ಕಾಲದಲ್ಲಿ ಉತ್ತರದ ಜಾಂಬಿಯಾ ಕಡೆಗಿನ ಕಜುಂಗುಲಾ ದೋಣಿ ದಾಟು ಒಂದನ್ನು ಬಿಟ್ಟರೆ ಸುತ್ತಲೂ ಬಿಳಿಯರ ಆಳ್ವಿಕೆ. ದೇಶದೊಳಗೆ ಓಡುವ ರೈಲು ಕೂಡ ರೊಡೇಷಿಯಾದವರದ್ದು. ಸರಕು, ಎಣ್ಣೆ, ಕೆಲಸ ಎಲ್ಲಕ್ಕೂ ದಕ್ಷಿಣ ಆಫ್ರಿಕಾವೇ ಗತಿ.

ಸೆರೆಟ್ಸೆ ವರ್ಣಭೇದವನ್ನು ಬಾಯಿಬಿಟ್ಟು ಖಂಡಿಸಿದರು. ಓಡಿಬಂದ ನಿರಾಶ್ರಿತರಿಗೆ ಜಾಗ ಕೊಟ್ಟರು. ಆದರೆ ತಮ್ಮ ನೆಲದಿಂದ ಗೆರಿಲ್ಲಾ ದಾಳಿ ನಡೆಸಲು ಬಿಡಲಿಲ್ಲ. ವ್ಯಾಪಾರ ನಿಲ್ಲಿಸಲಿಲ್ಲ. ಕೆಲವರು ಇದನ್ನು ಹೇಡಿತನ ಅಂದರು. ಬಿಳಿ ಹೆಂಡತಿ ಕಟ್ಟಿಕೊಂಡದ್ದಕ್ಕೆ ಆರು ವರ್ಷ ಗಡೀಪಾರಾದ ಮನುಷ್ಯನಿಗೆ ಆ ಮಾತು ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತನ್ನ ಮನೆಯನ್ನೇ ನೋಡಿ, ಕರಿಯರೂ ಬಿಳಿಯರೂ ಒಟ್ಟಿಗೆ ಬಾಳಬಹುದು ಅಂತ ಅವರು ತೋರಿಸಿದ್ದರು. 1980ರ ಏಪ್ರಿಲ್‌ನಲ್ಲಿ, ದಕ್ಷಿಣ ಆಫ್ರಿಕಾದ ಮೇಲಿನ ಅವಲಂಬನೆ ಕಡಿಮೆ ಮಾಡಲು ಒಂಬತ್ತು ದೇಶಗಳು ಲುಸಾಕಾದಲ್ಲಿ ಒಂದು ಒಕ್ಕೂಟ ಕಟ್ಟಿದವು. ಅದರ ಹಿಂದೆ ಸೆರೆಟ್ಸೆ ಅವರ ದುಡಿಮೆ ದೊಡ್ಡದು. ಮೂರು ತಿಂಗಳಲ್ಲಿ, ಜುಲೈ 13ರಂದು, ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ವಯಸ್ಸು 59.

ಇದೆಲ್ಲ ಒಬ್ಬರೇ ಮಾಡಿದ್ದಾ?

ಖಂಡಿತ ಅಲ್ಲ. ಮೇಷ್ಟ್ರು, ರೈತ, ಪತ್ರಕರ್ತ ಎಲ್ಲವೂ ಆಗಿದ್ದ ಕ್ವೆಟ್ ಮಸೀರೆ ಇಲ್ಲದಿದ್ದರೆ ಲೆಕ್ಕಪತ್ರ ಇಷ್ಟು ಬಿಗಿಯಾಗಿ ಇರುತ್ತಿರಲಿಲ್ಲ. ಸೆರೆಟ್ಸೆ ನಂತರ 18 ವರ್ಷ ಅಧ್ಯಕ್ಷರಾಗಿದ್ದು, 1998ರಲ್ಲಿ ತಾವಾಗಿಯೇ ಕೆಳಗಿಳಿದರು. ವಜ್ರದ ಉಳಿತಾಯಕ್ಕೆ ಪುಲಾ ನಿಧಿ ಶುರುವಾದದ್ದು, ಅತಿ ಹಿಂದುಳಿದ ದೇಶಗಳ ವಿಶ್ವಸಂಸ್ಥೆ ಪಟ್ಟಿಯಿಂದ ಬೋಟ್ಸ್ವಾನಾ ಮೊಟ್ಟಮೊದಲು ಹೊರಬಂದದ್ದು ಎರಡೂ ಅವರ ಕಾಲದಲ್ಲಿ, 1994ರಲ್ಲಿ.

ಇನ್ನೊಂದು ಆಧಾರ ಖೋಟ್ಲಾ. ರಾಜನ ಎದುರು ನಿಂತು ಸಾಮಾನ್ಯನೂ ಮಾತಾಡಬಹುದಾದ ಸಭೆ. ಹಿಂದೆ ಹೆಂಗಸರಿಗೆ, ಕೆಳಗಿನವರು ಅನ್ನಿಸಿಕೊಂಡವರಿಗೆ ಅಲ್ಲಿ ಮಾತಿರಲಿಲ್ಲ, ಅದನ್ನು ಮರೆಯಬಾರದು. ಆದರೂ ಕೇಳಿ ತೀರ್ಮಾನಿಸುವ ಅಭ್ಯಾಸ ಜನರಲ್ಲಿ ಮೊದಲೇ ಇತ್ತು. ಸೆರೆಟ್ಸೆ ಮತ್ತು ಮಂತ್ರಿಗಳು ಹೊಸ ನೀತಿಗಳನ್ನು ಖೋಟ್ಲಾಗಳಿಗೆ ಒಯ್ದು ವಿವರಿಸುತ್ತಿದ್ದರು. ಬ್ರಿಟಿಷರ ಅಸಡ್ಡೆ ಕೂಡ ಒಂದು ರೀತಿ ಸಹಾಯ ಮಾಡಿತು. ಅವರು ಈ ಹಳೆಯ ಕಟ್ಟಳೆಗಳನ್ನು ಅಷ್ಟಾಗಿ ಮುಟ್ಟಲಿಲ್ಲ.

ಅವರು ಸರ್ವಾಧಿಕಾರಿ ಆಗುವ ಅವಕಾಶ ಇರಲಿಲ್ವಾ?

ಬೇಕಾದಷ್ಟಿತ್ತು. ಅಕ್ಕಪಕ್ಕದಲ್ಲಿ ಆಗಿದ್ದು ನೋಡಿ. ಲೆಸೊಥೊ ಬೋಟ್ಸ್ವಾನಾಕ್ಕಿಂತ ನಾಲ್ಕು ದಿನ ತಡವಾಗಿ ಸ್ವತಂತ್ರವಾಯಿತು. 1970ರಲ್ಲಿ ಚುನಾವಣೆ ಸೋಲುವುದು ಕಂಡಾಗ ಅಲ್ಲಿನ ಪ್ರಧಾನಿ ಫಲಿತಾಂಶವನ್ನೇ ರದ್ದು ಮಾಡಿದರು. ಸ್ವಾಜಿಲ್ಯಾಂಡ್‌ನ ರಾಜ 1973ರಲ್ಲಿ ಸಂವಿಧಾನವನ್ನೇ ಬದಿಗಿಟ್ಟರು. ಮೂರೂ ಒಂದೇ ಬ್ರಿಟಿಷ್ ಆಡಳಿತದಿಂದ ಬಂದ ದೇಶಗಳು.

ಬೋಟ್ಸ್ವಾನಾದಲ್ಲಿ 1969ರ ಚುನಾವಣೆಗೆ ಮುಂಚೆ ಎರಡನೇ ಬತೋಯೆನ್ ಎಂಬ ರಾಜ ಗದ್ದುಗೆ ಬಿಟ್ಟು ವಿರೋಧ ಪಕ್ಷ ಸೇರಿದರು. ಅಧಿಕಾರ ಕಳೆದುಕೊಂಡ ಸಿಟ್ಟು ಅವರಿಗಿತ್ತು. ಉಪಾಧ್ಯಕ್ಷ ಮಸೀರೆ ಅವರ ಎದುರೇ ನಿಂತು ಅವರನ್ನು ಸೋಲಿಸಿದರು. ಸರ್ಕಾರದ ಎರಡನೇ ವ್ಯಕ್ತಿಗೇ ಸೋಲು. ಮಸೀರೆ ಅವರನ್ನು ವಿಶೇಷ ಸದಸ್ಯರಾಗಿ ಸಂಸತ್ತಿಗೆ ತರಬೇಕಾಯಿತು, ಅದಕ್ಕೆ ಸಂವಿಧಾನದಲ್ಲಿ ಅವಕಾಶವಿತ್ತು. ಬತೋಯೆನ್ ಸಂಸತ್ತಿನಲ್ಲಿ ವಿರೋಧ ಪಕ್ಷದ ಜಾಗದಲ್ಲಿ ಕೂತರು. ಯಾರೂ ಜೈಲಿಗೆ ಹೋಗಲಿಲ್ಲ, ಚುನಾವಣೆ ರದ್ದಾಗಲಿಲ್ಲ. ನನ್ನ ಲೆಕ್ಕದಲ್ಲಿ ಇದು ವಜ್ರದ ಒಪ್ಪಂದದಷ್ಟೇ ದೊಡ್ಡ ಸಾಧನೆ.

ಲೀ ಕ್ವಾನ್ ಯೂ ಜೊತೆ ಹೋಲಿಸಬಹುದಾ?

ಲಂಚದ ಬಗ್ಗೆ ಕಟ್ಟುನಿಟ್ಟು, ಖರ್ಚಿನ ಶಿಸ್ತು, ವಿದೇಶಿ ಕಂಪನಿಗಳ ಜೊತೆ ಜಾಣ ವ್ಯವಹಾರ, ಈ ಮಟ್ಟಿಗೆ ಇಬ್ಬರೂ ಒಂದೇ. ಸಂಪತ್ತಿನಲ್ಲಿ ಸಿಂಗಾಪುರ ಎಷ್ಟೋ ಮುಂದೆ. ಆದರೆ ಅದಕ್ಕೆ ಬಂದರಿತ್ತು, ಲೀ ಅವರಿಗೆ ಪ್ರಧಾನಿಯಾಗಿ 31 ವರ್ಷ ಸಿಕ್ಕಿತು. ಸೆರೆಟ್ಸೆ ಅವರಿಗೆ ಅಧ್ಯಕ್ಷರಾಗಿ ಸಿಕ್ಕಿದ್ದು 14 ವರ್ಷ. ಟೀಕಾಕಾರರನ್ನು ನಡೆಸಿಕೊಂಡ ರೀತಿಯಲ್ಲಂತೂ ನಾನು ಸೆರೆಟ್ಸೆ ಕಡೆಗೇ.

ಅವರ ಕಾಲದಲ್ಲಿ ಆಗದೇ ಉಳಿದದ್ದು, ತಪ್ಪಿದ್ದು ಏನು?

ಸಾಕಷ್ಟಿದೆ. ಮೊದಲನೆಯದು ಅಸಮಾನತೆ. ಅಧಿಕಾರದಲ್ಲಿದ್ದವರೆಲ್ಲ ದೊಡ್ಡ ದೊಡ್ಡ ದನದ ಮಂದೆ ಇದ್ದವರು, ಸೆರೆಟ್ಸೆ ಕೂಡ. 1975ರಲ್ಲಿ ತಂದ ಹುಲ್ಲುಗಾವಲು ನೀತಿಯಿಂದ ಸಾಮುದಾಯಿಕ ನೆಲಕ್ಕೆ ಬೇಲಿ ಬಿತ್ತು. ಲಾಭವಾದದ್ದು ಹೆಚ್ಚು ದನ ಇದ್ದವರಿಗೆ. ಇವತ್ತಿಗೂ ಬೋಟ್ಸ್ವಾನಾ ಜಗತ್ತಿನಲ್ಲಿ ಬಡವ ಬಲ್ಲಿದರ ಅಂತರ ತೀರಾ ಜಾಸ್ತಿ ಇರುವ ದೇಶಗಳಲ್ಲಿ ಒಂದು.

ಎರಡನೆಯದು ಚಿಕ್ಕ ಸಮುದಾಯಗಳ ವಿಷಯ. ಸಂವಿಧಾನ ರಾಜರ ಸದನದಲ್ಲಿ ಎಂಟು ತ್ಸ್ವಾನಾ ಬುಡಕಟ್ಟುಗಳ ರಾಜರಿಗೆ ಮಾತ್ರ ಕಾಯಂ ಸ್ಥಾನ ಕೊಟ್ಟಿತು. ಕಲಾಂಗಾ, ವಾಯೇಯಿ ಮುಂತಾದವರು ಹೊರಗುಳಿದರು. ಶಾಲೆಯಲ್ಲಿ ಸೆಟ್ಸ್ವಾನಾ ಮತ್ತು ಇಂಗ್ಲಿಷ್ ಮಾತ್ರ. ಒಂದೇ ದೇಶ ಕಟ್ಟುವ ಆತುರದಲ್ಲಿ ಮನೆಮಾತುಗಳು ಬದಿಗೆ ಸರಿದವು. ಕನ್ನಡದವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಕಲಹರಿಯ ಮೂಲನಿವಾಸಿಗಳಾದ ಬಸಾರ್ವಾ ಜನರಿಗೆ ಆದದ್ದು. ಅವರನ್ನು 1997 ಮತ್ತು 2002ರಲ್ಲಿ, ಅಂದರೆ ಸೆರೆಟ್ಸೆ ನಂತರದ ಸರ್ಕಾರಗಳು, ತಮ್ಮ ಕಾಡಿನಿಂದ ಎಬ್ಬಿಸಿದವು. 2006ರಲ್ಲಿ ದೇಶದ ಹೈಕೋರ್ಟೇ ಅದು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಸ್ಥಾಪಕರ ಕಾಲದಲ್ಲೇ ಅವರ ನೆಲದ ಹಕ್ಕು ಬರೆದಿಟ್ಟಿದ್ದರೆ ಕೋರ್ಟಿನ ತನಕ ಹೋಗಬೇಕಿರಲಿಲ್ಲ.

ಏಡ್ಸ್ ಬಂದಾಗ ಇಷ್ಟು ಒಳ್ಳೆಯ ವ್ಯವಸ್ಥೆ ಏನು ಮಾಡಿತು?

ಆ ಕಾಯಿಲೆ ಹರಡಿದ್ದು ಸೆರೆಟ್ಸೆ ಹೋದ ಮೇಲೆ. ಜಗತ್ತಿನಲ್ಲೇ ಅತಿ ಹೆಚ್ಚು ಹೊಡೆತ ತಿಂದ ದೇಶಗಳಲ್ಲಿ ಬೋಟ್ಸ್ವಾನಾ ಒಂದು. ಒಂದು ತಲೆಮಾರೇ ನಲುಗಿತು. 2002ರಲ್ಲಿ ಅಧ್ಯಕ್ಷ ಫೆಸ್ಟಸ್ ಮೊಗಾಯೆ ಅವರ ಸರ್ಕಾರ ದೇಶದ ಎಲ್ಲರಿಗೂ ಉಚಿತ ಔಷಧಿ ಕೊಡುವ ಕಾರ್ಯಕ್ರಮ ಶುರು ಮಾಡಿತು. ಆಫ್ರಿಕಾದಲ್ಲಿ ಹಾಗೆ ಮಾಡಿದ ಮೊದಲ ದೇಶ ಅದು. ಹಳ್ಳಿಹಳ್ಳಿಯಲ್ಲಿ ಕ್ಲಿನಿಕ್ ಇತ್ತು, ಖಜಾನೆಯಲ್ಲಿ ಉಳಿತಾಯ ಇತ್ತು. ಎರಡೂ ಹಳೆಯ ಶಿಸ್ತಿನಿಂದ ಬಂದವು.

ಅವರ ಮಗನೂ ಅಧ್ಯಕ್ಷರಾದರಂತೆ, ಹೌದಾ?

ಹೌದು. ಇಯಾನ್ ಖಾಮಾ 2008ರಿಂದ 2018ರ ತನಕ ಅಧ್ಯಕ್ಷರು. ಸೈನ್ಯದ ಮುಖ್ಯಸ್ಥರಾಗಿದ್ದವರು. ಆಳ್ವಿಕೆ ತಂದೆಯದ್ದಕ್ಕಿಂತ ಬಿಗಿ ಅನ್ನುವ ದೂರು ಇತ್ತು. ಕೆಳಗಿಳಿದ ಮೇಲೆ ತಾವೇ ಆರಿಸಿದ ಉತ್ತರಾಧಿಕಾರಿಯ ಜೊತೆ ಜಗಳವಾಗಿ, 2019ರಲ್ಲಿ ತಂದೆ ಕಟ್ಟಿದ ಪಕ್ಷವನ್ನೇ ಬಿಟ್ಟರು.

ಈಗ ಅಲ್ಲಿ ಏನು ನಡೆಯುತ್ತಿದೆ?

ಎರಡು ದೊಡ್ಡ ಬದಲಾವಣೆ. ಒಂದು, 2024ರ ಚುನಾವಣೆಯಲ್ಲಿ ಸೆರೆಟ್ಸೆ ಅವರ ಪಕ್ಷ 58 ವರ್ಷಗಳಲ್ಲಿ ಮೊದಲ ಸಲ ಸೋತಿತು. ಸುಮ್ನೆ ಸೋಲಲ್ಲ, 61 ಸ್ಥಾನಗಳಲ್ಲಿ ಸಿಕ್ಕಿದ್ದು 4. ಅಧ್ಯಕ್ಷ ಮಸೀಸಿ ಎಣಿಕೆ ಪೂರ್ತಿ ಮುಗಿಯುವ ಮೊದಲೇ ಸೋಲು ಒಪ್ಪಿಕೊಂಡರು. ನವೆಂಬರ್ 1ರಂದು ವಿರೋಧ ಪಕ್ಷದ ಡುಮಾ ಬೋಕೊ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಬೀದಿಯಲ್ಲಿ ಗಲಭೆ ಇಲ್ಲ, ಸೈನ್ಯ ಹೊರಗೆ ಬರಲಿಲ್ಲ. ಸ್ಥಾಪಕರ ಪಕ್ಷ ಸೋತಿತು, ಸ್ಥಾಪಕರ ನಿಯಮ ಗೆದ್ದಿತು ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ.

ಎರಡನೆಯದು ಕಷ್ಟದ್ದು. ಪ್ರಯೋಗಾಲಯದಲ್ಲಿ ತಯಾರಾಗುವ ವಜ್ರ ಅಗ್ಗವಾಗಿ ಸಿಗುತ್ತಿದೆ. ಅದರ ದೊಡ್ಡ ಉತ್ಪಾದನೆ ನಮ್ಮ ಸೂರತ್‌ನಲ್ಲೇ ನಡೆಯುತ್ತದೆ. ಗಣಿಯ ವಜ್ರದ ಬೇಡಿಕೆ ಕುಸಿದಿದೆ. ಬೋಟ್ಸ್ವಾನಾದ ರಫ್ತಿನಲ್ಲಿ ಸುಮಾರು 80% ವಜ್ರವೇ. ಗಣಿ ಕಡಿಮೆ ಜನರಿಗೆ ಕೆಲಸ ಕೊಡುತ್ತದೆ, ಯುವಕರಲ್ಲಿ ನಿರುದ್ಯೋಗ ಮೊದಲೇ ಜಾಸ್ತಿ ಇತ್ತು. ವಜ್ರ ಬಿಟ್ಟು ಬೇರೆ ದುಡಿಮೆ ಬೆಳೆಸಬೇಕು ಅಂತ ಒಂದರ ಹಿಂದೆ ಒಂದು ಯೋಜನೆಯಲ್ಲಿ ಬರೆದರು, ಆದರೆ ಪ್ರವಾಸೋದ್ಯಮ ಬಿಟ್ಟರೆ ಹೆಚ್ಚೇನೂ ಬೆಳೆಯಲಿಲ್ಲ. 2013ರಲ್ಲಿ ಡಿ ಬೀರ್ಸ್ ತನ್ನ ವಜ್ರ ಮಾರಾಟವನ್ನು ಲಂಡನ್‌ನಿಂದ ಬೋಟ್ಸ್ವಾನಾದ ರಾಜಧಾನಿ ಗ್ಯಾಬರೋನ್‌ಗೆ ತಂದಿತು, ಕತ್ತರಿಸಿ ಪಾಲಿಶ್ ಮಾಡುವ ಕಾರ್ಖಾನೆಗಳು ಬಂದವು. ಆದರೆ ಅವೂ ವಜ್ರಕ್ಕೇ ಅಂಟಿಕೊಂಡ ಕೆಲಸಗಳು. ಸೆರೆಟ್ಸೆ ಅವರಿಗೆ ಸಿಕ್ಕಿದ್ದು ಏನೂ ಇಲ್ಲದ ದೇಶ. ಬೋಕೊ ಅವರಿಗೆ ಸಿಕ್ಕಿರುವುದು ರಸ್ತೆ, ಶಾಲೆ, ಕೋರ್ಟು ಎಲ್ಲ ಇರುವ, ಆದರೆ ಆದಾಯ ಬತ್ತುತ್ತಿರುವ ದೇಶ. ಮೊದಲ ತಲೆಮಾರಿಗೆ ಬಂದ ದುಡ್ಡನ್ನು ಹದವಾಗಿ ಬಳಸುವುದು ಗೊತ್ತಿತ್ತು. ಈಗಿನವರು ದುಡ್ಡನ್ನು ಹೊಸದಾಗಿ ದುಡಿಯಬೇಕು.